ಹಿಂದಿನ ಸೀಟಿನಲ್ಲಿ ಟೆಂಟ್ ಸಿನಿಮಾ

ಸಕಲೇಶಪುರ ದಾಟಿ ದೋಣಿಗಲ್ ಬಳಿ ಇಳಿಜಾರು ಶುರುವಾಗುವ ಹೊತ್ತಿಗೆ ಭಾವನ ಕಾರಿನಲ್ಲಿ ಸಿನಿಮಾ ನಿಂತಿತು. ಟ್ಯಾಬ್ ಮಧ್ಯದಲ್ಲಿ ಆ ದುಂಡನೆಯ ಗೆರೆ ಸುತ್ತುತ್ತಲೇ ಇದೆ, ಹಿಂದೆ ಇಬ್ಬರು ಮಕ್ಕಳ ರಾಗ ಏರುತ್ತಿದೆ. ‘ನಿನ್ನೆ ರಾತ್ರಿಯೇ ಡೌನ್‌ಲೋಡ್ ಮಾಡಿದ್ದೆ ಮಾರಾಯ್ತಿ’ ಅಂದರು ಭಾವ. ಮಾಡಿದ್ದು ನಿಜ. ಆದರೆ ಟ್ಯಾಬಿಗಲ್ಲ, ತಮ್ಮ ಫೋನಿಗೆ. ಫೋನನ್ನೇ ತೊಡೆಯ ಮೇಲಿಟ್ಟುಕೊಂಡು ಬಗ್ಗಿ ನೋಡಿದ ಚಿಕ್ಕವ ಗುಂಡ್ಯ ಬರುವ ಮೊದಲೇ ವಾಂತಿ ಮಾಡಿಕೊಂಡ.

ಬೆಂಗಳೂರಿನಿಂದ ಕರಾವಳಿಗೆ ಸುಮಾರು 350 ಕಿ.ಮೀ. ದಾರಿ. ವರ್ಷಕ್ಕೆ ಮೂರು ಸಲ ಓಡಾಡುವ ನಾವು ಎಲ್ಲ ತಪ್ಪುಗಳನ್ನೂ ಒಂದೊಂದು ಸಲ ಮಾಡಿ ಮುಗಿಸಿದ್ದೇವೆ.

ಮೊದಲು ಸಾಧನ. ಮನೆಯಲ್ಲಿ ಬಿದ್ದಿರುವ ಹತ್ತು ಇಂಚಿನ ಹಳೆಯ ಟ್ಯಾಬ್ ಸಾಕು. ಇಬ್ಬರು ಮಕ್ಕಳಿಗೂ ಒಂದೇ. ಎರಡು ತಂದರೆ ‘ಅವನ ಸಿನಿಮಾ ಚೆನ್ನಾಗಿದೆ’ ಎಂಬ ಹೊಸ ಜಗಳ. ಹೆಡ್‌ರೆಸ್ಟ್ ಒಳಗೇ ಕೂರಿಸುವ ಡಿವಿಡಿ ಸೆಟ್‌ಗೆ ದುಡ್ಡು ಸುರಿಯಬೇಡಿ, ಈಗ ಹಾಕಲು ಡಿವಿಡಿ ಎಲ್ಲಿದೆ? ಇನ್ನೊಂದು ಆಮಿಷವೂ ಇದೆ. ಡ್ಯಾಶ್‌ಬೋರ್ಡಿನ ಸ್ಟೀರಿಯೊದಲ್ಲಿ ಸಾಮಾನ್ಯವಾಗಿ ಹ್ಯಾಂಡ್‌ಬ್ರೇಕ್ ಎಳೆದಾಗ ಮಾತ್ರ ವಿಡಿಯೊ ಬರುತ್ತದೆ. ‘ಒಂದು ವೈರ್ ಗ್ರೌಂಡ್ ಮಾಡಿದ್ರೆ ಓಡುವಾಗಲೂ ಬರುತ್ತೆ ಮೇಡಂ’ ಎಂದು ಜೆ.ಸಿ. ರಸ್ತೆಯಲ್ಲಿ ನನಗೂ ಹೇಳಿದ್ದರು. ಬೇಡವೇ ಬೇಡ. ಡ್ರೈವರ್ ಕಣ್ಣೆದುರು ಸಿನಿಮಾ ಓಡಬಾರದೆಂದೇ ಆ ವೈರ್ ಇರುವುದು.

ಎರಡನೆಯದು ಡೌನ್‌ಲೋಡ್. ಯಾವ ಟ್ಯಾಬ್ ಒಯ್ಯುತ್ತೀರೋ ಅದರಲ್ಲೇ, ಮನೆಯ ವೈಫೈನಲ್ಲಿ ಮಾಡಿ. ಗುಣಮಟ್ಟ ‘ಸ್ಟ್ಯಾಂಡರ್ಡ್’ ಇರಲಿ. ಹತ್ತು ಇಂಚಿನಲ್ಲಿ ಅದಕ್ಕಿಂತ ಹೆಚ್ಚಿನದು ಜಾಗಕ್ಕೆ ದಂಡ. ಭಾಷೆಯನ್ನು ಮೊದಲೇ ಆರಿಸಿ. ಕೆಲವು ಆ್ಯಪ್‌ಗಳಲ್ಲಿ ಡೌನ್‌ಲೋಡ್ ಮಾಡುವಾಗ ಇದ್ದ ಆಡಿಯೊ ಮಾತ್ರ ಬರುತ್ತದೆ, ಕನ್ನಡ ಡಬ್ಬಿಂಗ್ ಬೇಕೆಂದು ದಾರಿಯಲ್ಲಿ ಹುಡುಕಿದರೆ ಸಿಗದು. ಆಮೇಲೆ ಏರೋಪ್ಲೇನ್ ಮೋಡ್ ಹಾಕಿ, ಒಂದೊಂದು ಸಿನಿಮಾವನ್ನೂ ಅರ್ಧ ನಿಮಿಷ ಓಡಿಸಿ ನೋಡಿ. ‘ಡೌನ್‌ಲೋಡೆಡ್’ ಎಂಬ ಗುರುತನ್ನು ನಂಬಬೇಡಿ. ಆದರೆ ಎಚ್ಚರ, ಬಹಳಷ್ಟು ಸಿನಿಮಾಗಳು ಒಮ್ಮೆ ಪ್ಲೇ ಒತ್ತಿದರೆ 48 ಗಂಟೆಯೊಳಗೆ ಕೈಬಿಡುತ್ತವೆ. ಆದ್ದರಿಂದ ಈ ಪರೀಕ್ಷೆ ಹೊರಡುವ ಹಿಂದಿನ ರಾತ್ರಿಯೇ ನಡೆಯಲಿ, ವಾಪಸ್ ಬರುವಾಗ ನೋಡುವ ಸಿನಿಮಾಗಳ ಪರೀಕ್ಷೆ ಊರಿನಲ್ಲಾಗಲಿ.

ಇನ್ನು ಟ್ಯಾಬ್ ಕಟ್ಟುವ ಕೆಲಸ. ಎಲ್ಲರೂ ಎಡವುವುದು ಇಲ್ಲೇ.

ಹೆಡ್‌ರೆಸ್ಟನ್ನು ಎತ್ತಿದರೆ ಎರಡು ಉಕ್ಕಿನ ಸರಳು ಕಾಣುತ್ತವೆ. ಆ ಸರಳುಗಳನ್ನು ಹಿಡಿದು ತಿರುಪು ಬಿಗಿಸುವ ಹೋಲ್ಡರನ್ನೇ ಕೊಳ್ಳಿ. ಎಲಾಸ್ಟಿಕ್ ಪಟ್ಟಿ, ವೆಲ್ಕ್ರೊ ಇರುವ ಅಗ್ಗದ ಚೀಲಗಳು ಮೊದಲ ಬೇಸಿಗೆಗೇ ಸಡಿಲವಾಗುತ್ತವೆ. ನಾನು ತಂದದ್ದು ಕುಣಿಗಲ್ ತಲುಪುವ ಮೊದಲೇ ಜೋತುಬಿದ್ದಿತ್ತು. ಆಲ್ಟೊದಂಥ ಕೆಲವು ಕಾರುಗಳಲ್ಲಿ ಮುಂದಿನ ಸೀಟಿಗೂ ಹೆಡ್‌ರೆಸ್ಟಿಗೂ ನಡುವೆ ಸರಳೇ ಇರುವುದಿಲ್ಲ, ಎಲ್ಲ ಒಂದೇ ಅಚ್ಚು. ಅಂಥಲ್ಲಿ ಚೀಲ ಅನಿವಾರ್ಯ. ಹಾಗಾದರೆ ಎಲಾಸ್ಟಿಕ್ ಬಿಟ್ಟು, ಬಕಲ್ ಇರುವ ಅಗಲ ಪಟ್ಟಿಯದ್ದನ್ನು ಹುಡುಕಿ.

ಅಂಗಡಿಗೆ ಹೋಗುವ ಮೊದಲು ಎರಡು ಸರಳುಗಳ ನಡುವಿನ ಅಂತರ ಅಳೆದುಕೊಳ್ಳಿ. ಟ್ಯಾಬ್ ತಿರುಗಿಸುವ ಕೀಲು ಪ್ಲಾಸ್ಟಿಕ್ಕಿನದಾದರೆ ಬಿಡಿ, ಬಿಸಿಲಿಗೆ ಅದರ ಹಿಡಿತ ಹೋಗಿ ರಸ್ತೆಯ ಪ್ರತಿ ಉಬ್ಬಿಗೂ ಟ್ಯಾಬ್ ತಲೆಬಾಗಿ ನಮಸ್ಕಾರ ಮಾಡುತ್ತದೆ. ಎಡಗಡೆ ಸೀಟಿನ ಹಿಂದೆ ಕಟ್ಟಿ, ತುಸು ಒಳಕ್ಕೆ ತಿರುಗಿಸಿದರೆ ಇಬ್ಬರಿಗೂ ಕಾಣುತ್ತದೆ. ಎರಡು ಸೀಟುಗಳ ನಡುವೆ ತೋಳು ಚಾಚಿ ನಿಲ್ಲುವ ಹೋಲ್ಡರ್ ನೋಡಲು ಚೆನ್ನ, ಆದರೆ ಡ್ರೈವರಿನ ಕನ್ನಡಿಗೆ ಅದೇ ಅಡ್ಡ.

ಎತ್ತರವನ್ನು ನಿಮ್ಮ ಕಣ್ಣಿನ ಅಳತೆಗೆ ನೋಡಬೇಡಿ. ಮಗುವನ್ನು ಕೂರಿಸಿ, ಬೆಲ್ಟ್ ಹಾಕಿಸಿ, ಅದರ ಕಣ್ಣಿನ ಮಟ್ಟಕ್ಕೆ ತನ್ನಿ. ಕಣ್ಣು ಕೆಳಗಿದ್ದಷ್ಟೂ ಹೊಟ್ಟೆ ತೊಳಸುವುದು ಹೆಚ್ಚು. ಕಾರು ತಿರುಗುತ್ತಿದೆ ಎಂದು ಒಳಗಿವಿ ಹೇಳುತ್ತಿರುತ್ತದೆ, ತೊಡೆಯ ಮೇಲಿನ ಟ್ಯಾಬ್ ನೋಡುವ ಕಣ್ಣು ಇಲ್ಲ ಅನ್ನುತ್ತದೆ. ಆ ಜಗಳದ ತೀರ್ಪು ಹೊಟ್ಟೆಯಲ್ಲಿ. ಟ್ಯಾಬ್ ಎದುರಿಗಿದ್ದರೆ ಅಂಚಿನಿಂದಾಚೆ ರಸ್ತೆಯೂ ಒಂದಿಷ್ಟು ಕಣ್ಣಿಗೆ ಬೀಳುತ್ತದೆ, ತಕ್ಕಮಟ್ಟಿಗೆ ತಡೆಯುತ್ತದೆ.

ಕಟ್ಟಿದ ಮೇಲೆ ಎರಡೂ ಕೈಯಲ್ಲಿ ಹಿಡಿದು ಜೋರಾಗಿ ಅಲ್ಲಾಡಿಸಿ. ಸೀಟು ಅಲ್ಲಾಡಬೇಕು, ಟ್ಯಾಬ್ ಅಲ್ಲಾಡಬಾರದು. ಸಮಾಧಾನವಾದ ಮೇಲೂ ಟ್ಯಾಬಿನ ಕವರಿಗೆ ಒಂದು ದಾರ ಕಟ್ಟಿ ಸರಳಿಗೆ ಗಂಟು ಹಾಕಿ. ಗಟ್ಟಿ ಬ್ರೇಕ್ ಬಿದ್ದರೆ ಅರ್ಧ ಕಿಲೊ ತೂಕದ ಗಾಜು ಹಾರಾಡುವುದು ಬೇಡ. ಕೊನೆಗೆ, ಕತ್ತಲಾದ ಮೇಲೆ ಸಿನಿಮಾ ಹಾಕಿ ಡ್ರೈವರ್ ಸೀಟಿನಲ್ಲಿ ನೀವೇ ಕೂತು ನೋಡಿ. ಕನ್ನಡಿಯಲ್ಲೋ ಮುಂದಿನ ಗಾಜಿನಲ್ಲೋ ಬೆಳಕು ಮಿನುಗಿದರೆ ಕೋನ ಬದಲಿಸಿ, ಬ್ರೈಟ್‌ನೆಸ್ ಇಳಿಸಿ.

ಚಾರ್ಜು: ಬಹಳಷ್ಟು ಹಳೆಯ ಕಾರುಗಳ ಯುಎಸ್‌ಬಿ ಕಿಂಡಿ ಹಾಡಿಗಷ್ಟೇ, ಟ್ಯಾಬಿಗೆ 12 ವೋಲ್ಟಿನ ಸಾಕೆಟ್‌ಗೆ ಹಾಕುವ 18 ವಾಟ್‌ನ ಚಾರ್ಜರ್ ಬೇಕು, ಜತೆಗೆ ಎರಡು ಮೀಟರ್ ಕೇಬಲ್. ಅದು ಸೀಟಿನ ಬದಿಯಿಂದ ಹೋಗಲಿ, ಗೇರಿನ ಹತ್ತಿರ ಸುಳಿಯದಿರಲಿ.

ಶಬ್ದಕ್ಕೆ ಬ್ಲೂಟೂತ್ ಬೇಡ ಎಂಬುದು ನನ್ನ ಹಟ. ಹಾಸನ ಬರುವಷ್ಟರಲ್ಲಿ ಒಬ್ಬರದು ಚಾರ್ಜ್ ಮುಗಿದಿರುತ್ತದೆ. ವೈರಿನ ಹೆಡ್‌ಫೋನ್ ಎರಡು, ನಡುವೆ ಎರಡನ್ನೂ ಒಂದೇ ತೂತಿಗೆ ಜೋಡಿಸುವ ಒಂದು ಸ್ಪ್ಲಿಟರ್. ಮಕ್ಕಳ ಹೆಡ್‌ಫೋನಿನ ಡಬ್ಬದ ಮೇಲೆ ಗರಿಷ್ಠ 85 ಡೆಸಿಬಲ್ ಎಂದಿದ್ದರೂ ವಾಲ್ಯೂಮ್ ಅರ್ಧಕ್ಕಿಂತ ಮೇಲೆ ಏರಿಸಬೇಡಿ. ಟ್ಯಾಬಿನಲ್ಲಿ ದುಂಡನೆಯ ಹೆಡ್‌ಫೋನ್ ತೂತಿಲ್ಲದಿದ್ದರೆ ಚಾರ್ಜೂ ಹೆಡ್‌ಫೋನೂ ಒಟ್ಟಿಗೆ ಹಿಡಿಯುವ ಸಿ-ಟೈಪ್ ಅಡಾಪ್ಟರ್ ಕೇಳಿ. ಒಂದೇ ತೂತಿನದ್ದು ತಂದರೆ ಶಬ್ದ ಬೇಕೋ ಚಾರ್ಜ್ ಬೇಕೋ ಎಂಬ ಪ್ರಶ್ನೆ ಚನ್ನರಾಯಪಟ್ಟಣದಲ್ಲೇ ಎದುರಾಗುತ್ತದೆ. ಕಾರಿನ ಸ್ಪೀಕರಿಗೆ ಮಾತ್ರ ಜೋಡಿಸಬೇಡಿ, ಹಿಂದಿನ ಲಾರಿಯ ಹಾರ್ನ್ ಡ್ರೈವರಿಗೆ ಕೇಳಬೇಕು.

ಊಟಕ್ಕೆ ನಿಲ್ಲಿಸಿದಾಗ ಟ್ಯಾಬನ್ನು ಬಿಚ್ಚಿ ಕೈಯಲ್ಲೇ ಹಿಡಿದುಕೊಂಡು ಹೋಗಿ. ಬಿಸಿಲಿನಲ್ಲಿ ನಿಂತ ಕಾರಿನೊಳಗೆ 45 ಡಿಗ್ರಿ ದಾಟುವುದು ಸುಲಭ, ಅದು ಬ್ಯಾಟರಿಗೆ ಕೇಡು.

ಸಕಲೇಶಪುರ ಬಿಟ್ಟ ಮೇಲೆ ಸಿನಿಮಾ ಬಂದ್. ಎಷ್ಟೇ ಚೆನ್ನಾಗಿ ಕಟ್ಟಿದ್ದರೂ ಶಿರಾಡಿಯ ತಿರುವುಗಳಿಗೆ ಅದು ಉತ್ತರವಲ್ಲ. ಈ ಒಪ್ಪಂದವನ್ನು ಮನೆ ಬಿಡುವಾಗಲೇ ಮಕ್ಕಳ ಬಾಯಿಂದಲೇ ಹೇಳಿಸಿ. ಗುಂಡ್ಯದಲ್ಲಿ ಚಹಾ ಕುಡಿದು, ಮುಖ ತೊಳೆಸಿ ಮತ್ತೆ ಹಾಕಿ. ಉಪ್ಪಿನಂಗಡಿ ದಾಟಿದರೂ ಕ್ಲೈಮ್ಯಾಕ್ಸ್ ಮುಗಿದಿರುವುದಿಲ್ಲ. ಅಜ್ಜಿಮನೆ ಅಂಗಳದಲ್ಲಿ ಕಾರಿನ ಬಾಗಿಲು ತೆರೆಯದೆ ಇನ್ನೂ ಹತ್ತು ನಿಮಿಷ ಕೂರಬೇಕಾಗುತ್ತದೆ ಎಂದು ಅಜ್ಜಿಗೆ ಮೊದಲೇ ಫೋನ್ ಮಾಡಿ ಹೇಳಿಬಿಡಿ.