ಅಂಗಳದಲ್ಲಿ ಹುಲಿ, ತೋಟದಲ್ಲಿ ಇಲಿ: ಕಳೆ ಮೆಷಿನ್ ಯಾಕೆ ನಿಲ್ಲುತ್ತದೆ?

ಅಂಗಳದಲ್ಲಿ ಎರಡೇ ಎಳೆತಕ್ಕೆ ಸ್ಟಾರ್ಟ್ ಆಗುತ್ತದೆ. ರೇಸ್ ಕೊಟ್ಟರೆ ಆಚೆ ಮನೆಯವರಿಗೂ ಕೇಳುವಷ್ಟು ಕೂಗುತ್ತದೆ. ಹೆಗಲಿಗೆ ಬೆಲ್ಟ್ ಹಾಕಿಕೊಂಡು ತೋಟಕ್ಕೆ ಇಳಿದು ಹುಲ್ಲಿಗೆ ತಾಗಿಸಿದಿರೋ, ಗೊರ್ರ್ ಎಂದು ದನಿ ಇಳಿದು ಸುಮ್ಮನಾಗುತ್ತದೆ. ಮತ್ತೆ ಹಗ್ಗ ಎಳೆಯಿರಿ, ಮತ್ತೆ ಅದೇ ಕಥೆ. ಅಡಿಕೆ ಕೊಯ್ಲಿಗೆ ಮೊದಲು ಹುಲ್ಲು ಹೊಡೆಸಲು ಕೂತವರಿಗೆ ಇದಕ್ಕಿಂತ ದೊಡ್ಡ ತಲೆನೋವಿಲ್ಲ.

ಹೀಗಾದಾಗ ನಮ್ಮಲ್ಲಿ ಹೆಚ್ಚಿನವರು ಮಾಡುವ ಮೊದಲ ಕೆಲಸ ಸ್ಕ್ರೂಡ್ರೈವರ್ ಹಿಡಿದು, ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬೊರೇಟರಿನ ತಿರುಪು ತಿರುಗಿಸುವುದು. ಅದು ಕೊನೆಗೆ ಮಾಡಬೇಕಾದ ಕೆಲಸ. ಯಾಕೆಂದು ಮುಂದೆ ಹೇಳುತ್ತೇನೆ. ಆ ಪಾಠಕ್ಕೆ ನಾನು ಒಂದು ಪಿಸ್ಟನ್ನಿನ ದುಡ್ಡು ಕಟ್ಟಿದ್ದೇನೆ.

ಐಡ್ಲಿಂಗಿನಲ್ಲಿ, ಅಂದರೆ ರೇಸ್ ಕೊಡದೆ ಸುಮ್ಮನೆ ಓಡುವಾಗ, ಎಂಜಿನ್ನಿಗೆ ಬೇಕಾದ ಪೆಟ್ರೋಲ್ ಬಹಳ ಕಡಿಮೆ. ಅದು ಬರುವುದೂ ಕಾರ್ಬೊರೇಟರಿನ ಬೇರೆಯೇ ಸಣ್ಣ ತೂತಿನಿಂದ. ಒಂದೆರಡು ಸಲ ರೇಸ್ ಮಾಡುವುದಕ್ಕೆ ಒಳಗೆ ನಿಂತಿರುವ ಪೆಟ್ರೋಲೇ ಸಾಕಾಗುತ್ತದೆ. ಹುಲ್ಲಿನ ಭಾರ ಬಿದ್ದ ಮೇಲೆ ಮಾತ್ರ ಪೂರ್ತಿ ಪೆಟ್ರೋಲ್, ಪೂರ್ತಿ ಗಾಳಿ ಬೇಕು, ಹೊಗೆ ಸಲೀಸಾಗಿ ಹೊರಹೋಗಬೇಕು. ಮೂರರಲ್ಲಿ ಒಂದು ಕಟ್ಟಿಕೊಂಡರೂ ಎಂಜಿನ್ ನಿಲ್ಲುತ್ತದೆ. ಅಂಗಳದಲ್ಲಿ ಚೆನ್ನಾಗಿ ಓಡಿತು ಎಂಬುದು ಯಾವುದಕ್ಕೂ ಸಾಕ್ಷಿಯಲ್ಲ.

ಹೇಗೆ ನಿಲ್ಲುತ್ತದೆ, ಗಮನಿಸಿ

ರಿಪೇರಿಗೆ ಕೈ ಹಾಕುವ ಮೊದಲು ಒಂದು ಸಲ ನಿಲ್ಲಲು ಬಿಟ್ಟು ನೋಡಿ. ಉಸಿರು ಕಟ್ಟಿದಂತೆ ದನಿ ಇಳಿಯುತ್ತಾ ನಿಂತರೆ ಪೆಟ್ರೋಲ್ ಸಾಲುತ್ತಿಲ್ಲ. ಖಚಿತಪಡಿಸಿಕೊಳ್ಳಲು, ದನಿ ಇಳಿಯತೊಡಗಿದಾಗ, ಗಾಳಿ ಕಡಿಮೆ ಮಾಡಿ ಪೆಟ್ರೋಲ್ ಹೆಚ್ಚಿಸುವ ಚೋಕನ್ನು ಅರ್ಧ ಎಳೆಯಿರಿ. ಚೇತರಿಸಿಕೊಂಡಿತೇ? ಹಾಗಾದರೆ ಟ್ಯಾಂಕಿನಿಂದ ಕಾರ್ಬೊರೇಟರಿನವರೆಗಿನ ದಾರಿಯಲ್ಲೇ ಎಲ್ಲೋ ತೊಡಕಿದೆ. ಚೋಕ್ ಎಳೆದಾಗ ಇನ್ನೂ ಬೇಗ ಸತ್ತು, ದಟ್ಟ ಹೊಗೆ ಬಂದು, ಪ್ಲಗ್ ಕಪ್ಪಗೆ ಒದ್ದೆಯಾಗಿದ್ದರೆ ಗಾಳಿ ಅಥವಾ ಸೈಲೆನ್ಸರ್ ಕಟ್ಟಿದೆ.

ಹತ್ತು ಹದಿನೈದು ನಿಮಿಷ ಚೆನ್ನಾಗಿಯೇ ಓಡಿ ಆಮೇಲೆ ನಿಲ್ಲುವುದು ಬೇರೆ ಜಾತಿ. ಆಗ ಸ್ವಲ್ಪ ತಣಿಯಲು ಬಿಟ್ಟು ಟ್ಯಾಂಕಿನ ಮುಚ್ಚಳ ಮೆಲ್ಲಗೆ ಸಡಿಲಿಸಿ. ಸುಸ್ಸೆಂದು ಗಾಳಿ ಒಳಗೆ ಎಳೆದುಕೊಂಡು, ಮತ್ತೆ ಮುಚ್ಚಿದ ಮೇಲೆ ಸ್ಟಾರ್ಟ್ ಆದರೆ ಟ್ಯಾಂಕಿಗೆ ಗಾಳಿ ಹೋಗುವ ಸಣ್ಣ ಕಿಂಡಿ ಮುಚ್ಚಿದೆ ಎಂದರ್ಥ. ಪೆಟ್ರೋಲ್ ಖಾಲಿಯಾದ ಜಾಗಕ್ಕೆ ಗಾಳಿ ಬರದಿದ್ದರೆ ಉಳಿದ ಪೆಟ್ರೋಲ್ ಮೇಲೇರುವುದಿಲ್ಲ. ಆ ಕಿಂಡಿ ಕೆಲವದರಲ್ಲಿ ಮುಚ್ಚಳದಲ್ಲೇ, ಕೆಲವದರಲ್ಲಿ ಟ್ಯಾಂಕಿನ ಮೇಲಿನ ಪುಟ್ಟ ರಬ್ಬರ್ ನಳಿಕೆಯಲ್ಲಿ ಇರುತ್ತದೆ. ಬ್ರಷ್ಷಿನಿಂದ ಉಜ್ಜಿ ಮಣ್ಣು ತೆಗೆದರೆ ಎಷ್ಟೋ ಸಲ ರಿಪೇರಿ ಅಲ್ಲಿಗೇ ಮುಗಿಯುತ್ತದೆ.

ಸ್ವಿಚ್ ಒತ್ತಿದಂತೆ ಫಟ್ ಎಂದು ನಿಂತರೆ ಅದು ಕರೆಂಟಿನ ದೋಷ. ಹಿಡಿಕೆಯಿಂದ ಎಂಜಿನ್ನಿಗೆ ಹೋಗುವ ವಯರು ಎಲ್ಲಾದರೂ ಸವೆದು ಪೈಪಿಗೆ ತಾಗುತ್ತಿದೆಯೇ ನೋಡಿ.

ಎಂಜಿನ್ನಿಗಿಂತ ಮೊದಲು ಬ್ಲೇಡಿನ ತಲೆ ನೋಡಿ

ಇನ್ನು ಮುಂದಿನದಕ್ಕೆಲ್ಲ ಎಂಜಿನ್ ತಣಿದಿರಬೇಕು, ಪ್ಲಗ್ಗಿನ ಟೋಪಿ ತೆಗೆದಿರಬೇಕು, ಬೀಡಿ ಸೇದುವವರು ದೂರ ಇರಬೇಕು.

ಬ್ಲೇಡ್ ಕೂರುವ ಜಾಗದಲ್ಲಿ ಹುಲ್ಲು, ಬಳ್ಳಿ, ಹಳೆಯ ನೈಲಾನ್ ದಾರ ಸುತ್ತಿಕೊಂಡಿದ್ದರೆ ಬಿಡಿಸಿ. ಕೈಯಲ್ಲಿ ತಿರುಗಿಸಿದರೆ ತಲೆ ಸರಾಗ ತಿರುಗಬೇಕು. ಆಮೇಲೆ ಗಾರ್ಡ್ ಇದೆಯೇ ನೋಡಿ. ಅಡ್ಡ ಬರುತ್ತದೆ, ಭಾರ ಎಂದು ಅದನ್ನು ಬಿಚ್ಚಿ ಕೊಟ್ಟಿಗೆ ಮೂಲೆಗೆ ಎಸೆದಿರುವ ಮನೆಗಳೇ ಹೆಚ್ಚು. ಕಲ್ಲು ಕಾಲಿಗೆ ಹಾರುವುದು ಒಂದು ಮಾತಾಯಿತು. ಇನ್ನೊಂದು, ನೈಲಾನ್ ದಾರವನ್ನು ಅಳತೆಗೆ ಕತ್ತರಿಸುವ ಚಿಕ್ಕ ಚಾಕು ಇರುವುದು ಆ ಗಾರ್ಡಿನಲ್ಲೇ. ಅದಿಲ್ಲದಿದ್ದರೆ ದಾರ ಬೇಕಾಬಿಟ್ಟಿ ಉದ್ದವಾಗುತ್ತದೆ. ಉದ್ದ ದಾರ ಬೀಸಿ ತಿರುಗಿಸಲು ಎಂಜಿನ್ ಏದುಸಿರು ಬಿಡುತ್ತದೆ, ಕ್ಲಚ್ ಜಾರಿ ಸುಟ್ಟ ವಾಸನೆ ಬರುತ್ತದೆ. ಎಂಜಿನ್ ಕೆಟ್ಟಿದೆ ಎಂದು ಪೇಟೆಗೆ ಹೊತ್ತುಕೊಂಡು ಹೋದ ಮೆಷಿನ್ನುಗಳಲ್ಲಿ ಹೀಗೆ ದಾರ ಉದ್ದವಾದವೂ ಇರುತ್ತವೆ.

ಪೆಟ್ರೋಲ್

ಟ್ಯಾಂಕಿನಲ್ಲಿರುವುದನ್ನು ಬಿಳಿ ಗಾಜಿನ ಬಾಟಲಿಗೆ ಸುರಿದು ಹತ್ತು ನಿಮಿಷ ಇಡಿ. ತಳದಲ್ಲಿ ಬೇರೆ ಪದರ ಕಂಡರೆ ಅದು ನೀರು. ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್ ಬಿಡುಗಡೆಯಾದದ್ದು 2023ರ ಫೆಬ್ರವರಿ 6ರಂದು, ನಮ್ಮ ಬೆಂಗಳೂರಿನಲ್ಲೇ. ಈಗ ಬಂಕಿನಲ್ಲಿ ಸಿಗುವುದೇ ಅದು. ಎಥೆನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಅರ್ಧ ತುಂಬಿದ ಕ್ಯಾನಿನ ಮುಚ್ಚಳ ಸಡಿಲವಾಗಿದ್ದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಮಳೆಗೆ ಮೊದಲು ಆಯಿಲ್ ಕಲಸಿಟ್ಟ ಪೆಟ್ರೋಲನ್ನು ದೀಪಾವಳಿ ಹೊತ್ತಿಗೆ ಹಾಕಲೇಬೇಡಿ. ಹದಿನೈದು ಇಪ್ಪತ್ತು ದಿನಕ್ಕೆ ಬೇಕಾದಷ್ಟನ್ನೇ ಕಲಸಿ.

ಟು ಸ್ಟ್ರೋಕ್ ಎಂಜಿನ್ನಾದರೆ ಆಯಿಲ್ ಅಳತೆ ಸರಿಯಿರಬೇಕು. 1:50 ಎಂದಿದ್ದರೆ ಲೀಟರಿಗೆ 20 ಮಿಲಿ, 1:40 ಎಂದಿದ್ದರೆ 25, 1:25 ಎಂದಿದ್ದರೆ 40. ನಿಮ್ಮದಕ್ಕೆ ಯಾವುದೆಂದು ಮೆಷಿನ್ ಜೊತೆ ಬಂದ ಪುಸ್ತಕದಲ್ಲಿರುತ್ತದೆ. ಇಂಜೆಕ್ಷನ್ ಸಿರಿಂಜ್ ಒಂದು ಇಟ್ಟುಕೊಂಡರೆ ಅಳತೆ ತಪ್ಪುವುದಿಲ್ಲ. 'ಇರಲಿ, ಒಂದು ಮುಚ್ಚಳ ಜಾಸ್ತಿ ಹಾಕೋ, ಎಂಜಿನ್ನಿಗೆ ಒಳ್ಳೇದು' ಎನ್ನುವ ಮಾವಂದಿರು ಎಲ್ಲ ಮನೆಯಲ್ಲೂ ಇದ್ದಾರೆ. ಆ ಹೆಚ್ಚಿನ ಆಯಿಲ್ ಮಸಿಯಾಗಿ ಸೈಲೆನ್ಸರಿನಲ್ಲಿ ಕೂರುತ್ತದೆ. ಫೋರ್ ಸ್ಟ್ರೋಕ್ ಆದರೆ ಪೆಟ್ರೋಲಿಗೆ ಆಯಿಲ್ ಬೆರೆಸುವಂತಿಲ್ಲ. ಅದರ ಆಯಿಲ್ ಎಂಜಿನ್ನಿನ ಕೆಳಗೆ ಬೇರೆಯಾಗಿ ಇರುತ್ತದೆ.

ಟ್ಯಾಂಕ್ ಖಾಲಿಯಿರುವಾಗಲೇ ತುದಿ ಬಾಗಿಸಿದ ತಂತಿಯಿಂದ ಒಳಗಿನ ಪೈಪನ್ನು ಮೆಲ್ಲಗೆ ಹೊರಗೆಳೆಯಿರಿ. ತುದಿಯಲ್ಲಿರುವ ಗುಂಡಿಯಂಥ ಫಿಲ್ಟರ್ ಕಂದಿದ್ದರೆ ತೊಳೆಯುವ ಗೋಜಿಗೆ ಹೋಗದೆ ಹೊಸದು ಹಾಕಿ, ಬೆಲೆ ದೊಡ್ಡದೇನಲ್ಲ. ಪೈಪನ್ನು ಬಗ್ಗಿಸಿ ನೋಡಿ, ಬಿರುಕಿದ್ದರೆ ಅದೂ ಹೊಸದಾಗಲಿ. ಹೊಸ ಪೆಟ್ರೋಲ್ ತುಂಬಿ ಪಂಪಿನ ರಬ್ಬರ್ ಬಲ್ಬ್ ಹತ್ತಿಪ್ಪತ್ತು ಸಲ ಒತ್ತಿದ ಮೇಲೂ ಗುಳ್ಳೆ ಬರುತ್ತಲೇ ಇದ್ದರೆ ದಾರಿಯಲ್ಲಿ ಎಲ್ಲೋ ಗಾಳಿ ಎಳೆಯುತ್ತಿದೆ.

ಗಾಳಿ, ಹೊಗೆ

ಏರ್ ಫಿಲ್ಟರ್ ಸ್ಪಂಜಿನದಾದರೆ ಸೋಪಿನ ನೀರಿನಲ್ಲಿ ಹಿಂಡಿ, ನೆರಳಲ್ಲಿ ಒಣಗಿಸಿ. ಕಾಗದದ್ದನ್ನು ತಟ್ಟಿ ಧೂಳು ಉದುರಿಸಿದರೆ ಸಾಕು. ಫಿಲ್ಟರ್ ತೆಗೆದಿಟ್ಟು 'ಈಗ ಚೆನ್ನಾಗಿ ಓಡುತ್ತೆ' ಎಂದು ಹಾಗೇ ಹುಲ್ಲು ಹೊಡೆಯಬೇಡಿ. ಒಳಹೋದ ಧೂಳು ಸಿಲಿಂಡರನ್ನು ಮರಳುಕಾಗದದಂತೆ ಉಜ್ಜುತ್ತದೆ.

ಸೈಲೆನ್ಸರಿನ ಬಗ್ಗೆ ಮೆಕ್ಯಾನಿಕ್‌ಗಳೂ ಒಮ್ಮೊಮ್ಮೆ ಮರೆಯುತ್ತಾರೆ. ಮಳೆಗಾಲವಿಡೀ ಮಾಡಿಗೆ ನೇತುಹಾಕಿದ್ದ ನಮ್ಮ ಮೆಷಿನ್ ಒಂದು ವರ್ಷ ಜಪ್ಪಯ್ಯ ಎಂದರೂ ಲೋಡ್ ಎಳೆಯಲಿಲ್ಲ. ಪ್ಲಗ್ ಹೊಸದು, ಪೆಟ್ರೋಲ್ ಹೊಸದು. ಕೊನೆಗೆ ಟಾರ್ಚ್ ಬಿಟ್ಟು ನೋಡಿದರೆ ಹೊಗೆ ತೂತಿನೊಳಗೆ ಕುಂಬಾರ ಹುಳು ನೀಟಾಗಿ ಮಣ್ಣಿನ ಮನೆ ಕಟ್ಟಿ, ಬಾಗಿಲಿಗೆ ಬೆರಳುಗುರಿನಷ್ಟು ಸಂದು ಬಿಟ್ಟಿತ್ತು. ಐಡ್ಲಿಂಗಿಗೆ ಆ ಸಂದು ಸಾಕಾಗುತ್ತಿತ್ತು, ಹುಲ್ಲಿಗೆ ಸಾಲುತ್ತಿರಲಿಲ್ಲ.

ಹುಳು ಇಲ್ಲದಿದ್ದರೂ ಮಸಿ ಇರುತ್ತದೆ. ಕೆಲವು ಸೈಲೆನ್ಸರಿನ ಬಾಯಿಯಲ್ಲಿ ಕಿಡಿ ತಡೆಯುವ ಸಣ್ಣ ಜಾಲರಿ ಇದೆ. ಬಿಚ್ಚಿ ತಂತಿ ಬ್ರಷ್ಷಿನಿಂದ ಉಜ್ಜಿ. ಟು ಸ್ಟ್ರೋಕಿನಲ್ಲಿ ಸೈಲೆನ್ಸರನ್ನೇ ಕಳಚಿದಾಗ ಸಿಲಿಂಡರಿನ ಹೊಗೆ ಕಿಂಡಿ ಕಾಣುತ್ತದೆ. ಹಗ್ಗವನ್ನು ನಿಧಾನ ಎಳೆದು, ಪಿಸ್ಟನ್ ಮೇಲೆ ಬಂದು ಕಿಂಡಿಯನ್ನು ಮುಚ್ಚುವಂತೆ ನಿಲ್ಲಿಸಿ. ಆಮೇಲೆ ಅಡಿಕೆ ದಬ್ಬೆಯ ಸಿಬಿರಿನಿಂದ ಮಸಿ ಕೆರೆಯಿರಿ, ಒಳಗೆ ಬೀಳುವುದಿಲ್ಲ. ಕಬ್ಬಿಣ ಬೇಡ. ಅಲ್ಲಿ ಕಾಣುವ ಪಿಸ್ಟನ್ ಮೈ ನುಣುಪಾಗಿರಬೇಕು. ಉದ್ದುದ್ದ ಗೀರು ಬಿದ್ದಿದ್ದರೆ ಕೆಲಸ ಅಲ್ಲಿಗೇ ನಿಲ್ಲಿಸಿ, ಮೆಕ್ಯಾನಿಕ್ಕಿಗೆ ಒಯ್ಯಿರಿ. ಇನ್ನೆಷ್ಟು ಉಜ್ಜಿದರೂ ಅದು ಲೋಡ್ ಎಳೆಯುವುದಿಲ್ಲ.

ಪ್ಲಗ್ಗಿನ ಸಂದು ಸಾಮಾನ್ಯವಾಗಿ 0.6ರಿಂದ 0.7 ಮಿ.ಮೀ. ಅನುಮಾನವಿದ್ದರೆ ಅದೇ ನಂಬರಿನ ಹೊಸದು ಹಾಕಿ ನೋಡಿ. ಬಿಸಿಯಾದ ಮೇಲೆ ಕಿಡಿಯೇ ಇಲ್ಲ, ಅರ್ಧ ಗಂಟೆ ತಣಿದ ಮೇಲೆ ಮತ್ತೆ ಬರುತ್ತದೆ ಎಂದಾದರೆ ಪ್ಲಗ್ಗಿಗೆ ಕರೆಂಟ್ ಕೊಡುವ ಕಾಯಿಲ್ ಕೆಡುತ್ತಿದೆ. ಅದನ್ನು ಬದಲಿಸಲೇಬೇಕು.

ಕೊನೆಗೆ ಕಾರ್ಬೊರೇಟರ್

ಇಷ್ಟಾದ ಮೇಲೂ ಅರ್ಧ ಚೋಕಿನಲ್ಲಿ ಮಾತ್ರ ಓಡುತ್ತದೆ ಎಂದರೆ ತೊಂದರೆ ಇಲ್ಲಿದೆ. ಬಿಚ್ಚುವಾಗ ಪ್ರತಿ ಪದರಕ್ಕೂ ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಗ್ಯಾಸ್ಕೆಟ್ ಮತ್ತು ಪೊರೆ ಹಿಂದುಮುಂದಾದರೆ ಸ್ಟಾರ್ಟೇ ಆಗುವುದಿಲ್ಲ. ಒಂದು ಬದಿಯಲ್ಲಿ ಉಗುರಿನಷ್ಟು ಅಗಲದ ಜಾಲರಿ ಇದೆ, ಅದರಲ್ಲಿ ಕೂತ ಕಸವೇ ಎಷ್ಟೋ ಸಲ ಅಪರಾಧಿ. ಇನ್ನೊಂದು ಬದಿಯ ರಬ್ಬರ್ ಪೊರೆ ಮೆತ್ತಗಿರಬೇಕು. ಮುಟ್ಟಿದರೆ ಹಪ್ಪಳದಂತೆ ಚರಚರ ಎಂದರೆ ಅದರ ಆಯುಷ್ಯ ಮುಗಿದಿದೆ, ಕಿಟ್ ತಂದು ಬದಲಿಸಿ. ತೂತುಗಳಿಗೆ ಕಾರ್ಬೊರೇಟರ್ ಸ್ಪ್ರೇ ಹೊಡೆಯಿರಿ. ಸೂಜಿ ತುರುಕಬೇಡಿ, ತೂತು ಒಂದು ಕೂದಲು ದೊಡ್ಡದಾದರೂ ಲೆಕ್ಕ ತಪ್ಪುತ್ತದೆ.

ಈಗ ಆ ತಿರುಪಿನ ವಿಷಯ. ಎಚ್ ಎಂದು ಬರೆದ ತಿರುಪು ಪೂರ್ತಿ ರೇಸಿನಲ್ಲಿ ಹೋಗುವ ಪೆಟ್ರೋಲಿನದ್ದು. ಕೆಲವು ವರ್ಷದ ಹಿಂದೆ ನಾನು ಅದನ್ನು ಅರ್ಧ ಸುತ್ತು ಬಿಗಿ ಮಾಡಿದೆ. ಖಾಲಿ ರೇಸ್ ಜೋರಾಯಿತು, ದನಿ ತೆಳುವಾಗಿ ಚುರುಕಾಯಿತು. ಗೆದ್ದೆ ಅಂದುಕೊಂಡು ತೋಟಕ್ಕಿಳಿದೆ. ಇಪ್ಪತ್ತು ನಿಮಿಷಕ್ಕೆ ಕಿರ್ರ್ ಎಂದು ನಿಂತದ್ದು ಮತ್ತೆ ಹಗ್ಗ ಎಳೆಯಲಿಕ್ಕೂ ಬಿಡಲಿಲ್ಲ. ಟು ಸ್ಟ್ರೋಕಿನಲ್ಲಿ ಆಯಿಲ್ ಬರುವುದೇ ಪೆಟ್ರೋಲಿನ ಜೊತೆ. ಪೆಟ್ರೋಲ್ ಕಡಿಮೆ ಮಾಡಿದರೆ ಆಯಿಲೂ ಕಡಿಮೆ, ಬಿಸಿ ಮಾತ್ರ ಹೆಚ್ಚು. ಹಾಗಾಗಿ ಮುಟ್ಟುವ ಮೊದಲು ತಿರುಪಿನ ತಲೆಗೂ ಪಕ್ಕದ ಲೋಹಕ್ಕೂ ಮಾರ್ಕರಿನಲ್ಲಿ ಒಂದು ಗೆರೆ ಎಳೆದುಕೊಳ್ಳಿ. ಸಡಿಲಿಸುವುದಾದರೂ ಎಂಟನೇ ಒಂದು ಸುತ್ತಷ್ಟೇ, ಅದೂ ಒಂದೊಂದು ಸಲ ಹುಲ್ಲಿನ ಮೇಲೆ ಪರೀಕ್ಷೆ ಮಾಡಿ.

ಎಲ್ಲ ಕೂಡಿಸಿದ ಮೇಲೆ ಎರಡು ನಿಮಿಷ ಬಿಸಿ ಮಾಡಿ, ಮೊದಲು ತೆಳು ಹುಲ್ಲು, ಆಮೇಲೆ ದರೆ ಬದಿಯ ದಟ್ಟ ಹುಲ್ಲು ಹೊಡೆಯಿರಿ. ಹದಿನೈದು ನಿಮಿಷವಾದ ಮೇಲೆ ನಿಲ್ಲಿಸಿ, ತಣಿಸಿ, ಪ್ಲಗ್ ಬಿಚ್ಚಿ. ಬಿಳಿಚಿಕೊಂಡಿದ್ದರೆ ಇನ್ನೂ ಪೆಟ್ರೋಲ್ ಸಾಲುತ್ತಿಲ್ಲ, ಮುಂದುವರಿಸಬೇಡಿ. ಹಾಲು ಹಾಕಿದ ಕಾಫಿಯ ಬಣ್ಣ ಬಂದಿದ್ದರೆ ಟ್ಯಾಂಕ್ ತುಂಬಿಸಿಕೊಂಡು ಕೆಳಗಿನ ತೋಟಕ್ಕೆ ಇಳಿಯಬಹುದು.