ಹತ್ತರಲ್ಲೊಂದು ಪಾಲು: ಪ್ರೆಸ್ಸಿನ ಲೆಕ್ಕಕ್ಕೆ ಹೊಂದಿಸಿಕೊಂಡ ಬಗೆ

ಅಮೆರಿಕದ ಜಾರ್ಜ್ ಎಸ್. ಕ್ಲೇಸನ್ 1926ರಿಂದ ಬರೆಯತೊಡಗಿದ ಕಿರುಹೊತ್ತಗೆಗಳನ್ನು ಅಲ್ಲಿನ ಬ್ಯಾಂಕುಗಳೂ ವಿಮಾ ಕಂಪನಿಗಳೂ ಜನರಿಗೆ ಹಂಚುತ್ತಿದ್ದವು. ಅವೇ ಮುಂದೆ ಒಟ್ಟುಗೂಡಿ ‘ದ ರಿಚೆಸ್ಟ್ ಮ್ಯಾನ್ ಇನ್ ಬ್ಯಾಬಿಲೋನ್’ ಎಂಬ ಪುಸ್ತಕವಾದವು. ಕ್ಲೇಸನ್ ಅವರ ಮುಖ್ಯ ಉದ್ಯೋಗ ಡೆನ್ವರ್ ನಗರದಲ್ಲಿ ನಕ್ಷೆಗಳನ್ನು ಪ್ರಕಟಿಸುವುದಾಗಿತ್ತು. ಪುರಾತನ ಬ್ಯಾಬಿಲೋನಿನ ಕಥೆಗಳ ಮೂಲಕ ಅವರು ಮತ್ತೆ ಮತ್ತೆ ಹೇಳಿದ್ದು, ಸಂಪಾದನೆಯ ಹತ್ತನೆಯ ಒಂದು ಭಾಗವನ್ನು ಬೇರೆಲ್ಲ ಖರ್ಚಿಗೆ ಮೊದಲೇ ತನಗೆಂದು ತೆಗೆದಿಡಬೇಕು ಎಂಬುದನ್ನು. ದಾವಣಗೆರೆಯಲ್ಲಿ ಸಣ್ಣದೊಂದು ಆಫ್‌ಸೆಟ್ ಪ್ರೆಸ್ ನಡೆಸುವ ನಾನು ಈ ನಿಯಮವನ್ನು ಹಲವು ವರ್ಷಗಳಿಂದ ಪಾಲಿಸುತ್ತಿದ್ದೇನೆ. ತಿಂಗಳ ಸಂಬಳದವರಿಗೆ ಇದು ನೇರವಾಗಿ ಒಗ್ಗುತ್ತದೆ. ವ್ಯಾಪಾರಸ್ಥರಿಗೆ ಒಗ್ಗಬೇಕಾದರೆ ಅದಕ್ಕೂ ಮೊದಲು ಮಾಡಿಕೊಳ್ಳಬೇಕಾದ ಕೆಲಸವೊಂದಿದೆ.

ಹತ್ತರಲ್ಲೊಂದು ಪಾಲು ಎಂದರೆ ಯಾವ ಮೊತ್ತದಲ್ಲಿ ಎಂಬುದೇ ಮೊದಲ ಪ್ರಶ್ನೆ. ಲಗ್ನಪತ್ರಿಕೆಯ ಜಾಬಿಗೆ ಗಿರಾಕಿ ಕೊಟ್ಟ ಹಣದಲ್ಲಿ ಕಾಗದದ ಅಂಗಡಿಗೆ ಸೇರಬೇಕಾದದ್ದು, ಪ್ಲೇಟು ಮತ್ತು ಇಂಕಿನ ವೆಚ್ಚ, ಹುಡುಗರ ಕೂಲಿ, ಕರೆಂಟ್ ಬಿಲ್ಲು ಎಲ್ಲವೂ ಸೇರಿರುತ್ತವೆ. ಗಲ್ಲಾಪೆಟ್ಟಿಗೆಗೆ ಬಂದದ್ದರಲ್ಲೆಲ್ಲ ಹತ್ತನೆಯ ಭಾಗ ಎತ್ತಿಟ್ಟರೆ ನಾವು ಉಳಿಸುವುದು ಕಾಗದದವರ ಬಾಕಿಯನ್ನೇ ಹೊರತು ನಮ್ಮ ದುಡಿಮೆಯನ್ನಲ್ಲ. ಆದ್ದರಿಂದ ನಾನು ಪ್ರೆಸ್ಸಿಗೆ ಒಂದು ಚಾಲ್ತಿ ಖಾತೆ, ಮನೆಗೆ ಒಂದು ಉಳಿತಾಯ ಖಾತೆ ಎಂದು ಬೇರ್ಪಡಿಸಿ, ಪ್ರೆಸ್ಸಿನ ಒಬ್ಬ ನೌಕರನಂತೆ ನನಗೂ ಒಂದು ಸಂಬಳ ಗೊತ್ತುಮಾಡಿದೆ. ಅದನ್ನು ಗೊತ್ತುಮಾಡಲು ಆರಿಸಿಕೊಂಡ ತಿಂಗಳು ಆಷಾಢ. ಮದುವೆಗಳಿಲ್ಲದ, ಬಿಲ್ ಬುಕ್ಕು ಮತ್ತು ಕರಪತ್ರಗಳಷ್ಟೇ ಬರುವ ಆ ತಿಂಗಳಲ್ಲಿಯೂ ಪ್ರೆಸ್ಸು ನನಗೆ ಎಷ್ಟು ಕೊಡಬಲ್ಲುದೋ ಅಷ್ಟೇ ವರ್ಷವಿಡೀ ನನ್ನ ಸಂಬಳ. ಆಗ ಅದು 20,000 ರೂಪಾಯಿ ಆಯಿತು. ವೈಶಾಖದಲ್ಲಿ ಎಷ್ಟೇ ಹೆಚ್ಚು ಬಂದರೂ ಅದು ಪ್ರೆಸ್ಸಿನ ಖಾತೆಯಲ್ಲಿಯೇ ಉಳಿದು, ಮಳೆಗಾಲದ ಬಾಡಿಗೆ ಮತ್ತು ಕೂಲಿಗೆ ಒದಗುತ್ತದೆ. ಹೀಗೆ ಹತ್ತನೆಯ ಭಾಗ 2,000 ರೂಪಾಯಿ ಎಂದು ಸ್ಪಷ್ಟವಾದ ಮೇಲೆ, ಸಂಬಳ ವರ್ಗಾವಣೆಯಾದ ದಿನವೇ ಅದನ್ನು ಮೂರನೆಯ ಖಾತೆಗೆ ಹಾಕುವುದು ಕಷ್ಟವೆನಿಸಲಿಲ್ಲ.

ಪುಸ್ತಕದಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಒಂಟೆ ವ್ಯಾಪಾರಿ ದಬಸೀರನ ಕಥೆ. ಸಾಲಕ್ಕೆ ಹೆದರಿ ಊರು ಬಿಟ್ಟು, ಸಿರಿಯಾದಲ್ಲಿ ಗುಲಾಮನಾಗಿ, ಮರಳಿ ಬಂದ ಮೇಲೆ ಅವನು ತನ್ನ ಗಳಿಕೆಯ ಏಳು ಪಾಲನ್ನು ಸಂಸಾರಕ್ಕೂ ಎರಡು ಪಾಲನ್ನು ಸಾಲ ಕೊಟ್ಟವರಿಗೂ ಒಂದು ಪಾಲನ್ನು ಉಳಿತಾಯಕ್ಕೂ ಮೀಸಲಿಡುತ್ತಾನೆ. ಸಾಲ ಕೊಟ್ಟ ಒಬ್ಬೊಬ್ಬರ ಬಳಿಗೂ ತಾನೇ ಹೋಗಿ ಈ ಏರ್ಪಾಡನ್ನು ವಿವರಿಸುತ್ತಾನೆ. ನನಗಿದ್ದ ಸಾಲಗಳಲ್ಲಿ ಯಂತ್ರದ ಕಂತನ್ನು ಪ್ರೆಸ್ಸೇ ಕಟ್ಟುತ್ತಿತ್ತು. ಭಾವ ಕೊಟ್ಟಿದ್ದ ಕೈಗಡ, ನೂರಕ್ಕೆ ಎರಡು ರೂಪಾಯಿ ಬಡ್ಡಿಯ ಖಾಸಗಿ ಸಾಲ ಮತ್ತು ಕಾಗದದ ಅಂಗಡಿಯ ಹಳೆಯ ಉದ್ರಿ, ಈ ಮೂರನ್ನು 4,000 ರೂಪಾಯಿಯ ಎರಡು ಪಾಲಿನಲ್ಲಿ ತೀರಿಸಬೇಕಿತ್ತು.

ಕಾಗದದ ಅಂಗಡಿಯ ಯಜಮಾನರು ಹಿರಿಯರು. ನಾನು ಬರೆದುಕೊಂಡು ಹೋಗಿದ್ದ ಪಟ್ಟಿಯನ್ನು ಕನ್ನಡಕ ಏರಿಸಿ ಪೂರ್ತಿ ಓದಿದರು. ಮೊತ್ತ ಕಡಿಮೆಯಾಯಿತೆಂದು ನಾನು ಸಮಜಾಯಿಷಿ ಹೇಳಲು ಹೊರಟಾಗ ತಡೆದು, “ಎಷ್ಟು ಕೊಡ್ತೀರಿ ಅನ್ನೋದು ಇರ್ಲಿ ಬಿಡ್ರಿ, ಯಾವ ತಾರೀಖಿಗೆ ಕೊಡ್ತೀರಿ ಅದನ್ನ ಹೇಳ್ರಿ” ಎಂದರು. ಐದನೆಯ ತಾರೀಖು ಎಂದೆ. ಖಾತೆ ಪುಸ್ತಕದಲ್ಲಿ ನನ್ನ ಹಾಳೆಯ ನೆತ್ತಿಯ ಮೇಲೆ ಕೆಂಪು ಶಾಯಿಯಲ್ಲಿ 5 ಎಂದು ಬರೆದುಕೊಂಡು, ಹೊಸ ರೀಮುಗಳನ್ನು ಇನ್ನು ಮುಂದೆ ನಗದಿಗೆ ಮಾತ್ರ ಕೊಡುವುದಾಗಿ ಹೇಳಿ ಕಳುಹಿಸಿದರು. ಸಾಲ ಕೊಟ್ಟವರಿಗೆ ಮೊತ್ತಕ್ಕಿಂತ ದಿನದ ಖಾತರಿ ಮುಖ್ಯ ಎಂಬುದು ನನಗೆ ಮನದಟ್ಟಾದದ್ದು ಅವರಿಂದ.

ಇಲ್ಲಿ ಒಂದು ನ್ಯಾಯವಾದ ಆಕ್ಷೇಪಣೆಯಿದೆ. ನೂರಕ್ಕೆ ಎರಡು ರೂಪಾಯಿ ಎಂದರೆ ವರ್ಷಕ್ಕೆ ಶೇಕಡಾ 24ರ ಬಡ್ಡಿ. ಅಂಥ ಸಾಲವಿರುವಾಗ ಅಲ್ಪ ಬಡ್ಡಿಯ ಖಾತೆಯಲ್ಲಿ ಹಣವಿಡುವುದು ಲೆಕ್ಕದ ದೃಷ್ಟಿಯಿಂದ ನಷ್ಟವೇ. ಆದ್ದರಿಂದ ನಾನು ದಬಸೀರನ ಕ್ರಮದಿಂದ ಒಂದಿಷ್ಟು ಸರಿದು, ಎಲ್ಲರಿಗೂ ಪ್ರತಿ ತಿಂಗಳು ತಪ್ಪದೆ ಕೊಡುತ್ತಲೇ ದೊಡ್ಡ ಭಾಗವನ್ನು ಬಡ್ಡಿ ಸಾಲಕ್ಕೆ ಕಟ್ಟಿದೆ. ಆದರೆ ಉಳಿತಾಯದ ಪಾಲನ್ನು ಮುಟ್ಟಲಿಲ್ಲ, ಮುಟ್ಟದಿದ್ದುದು ಸರಿಯೆಂದೇ ಈಗಲೂ ನಂಬಿದ್ದೇನೆ. ಮದುವೆ ಸುಗ್ಗಿಯ ನಡುವೆ ಮನೆಯಲ್ಲಿ ಆಸ್ಪತ್ರೆಯ ಖರ್ಚು ಬಂದಾಗ ಆ ಖಾತೆಯ ಹಣ ಇರದಿದ್ದರೆ, ಅದೇ ಎರಡು ರೂಪಾಯಿ ಬಡ್ಡಿಗೆ ಮತ್ತೆ ಕೈಯೊಡ್ಡಬೇಕಾಗುತ್ತಿತ್ತು. ಹಳೆಯ ಸಾಲ ಬೇಗ ತೀರುವುದಕ್ಕಿಂತ ಹೊಸ ಸಾಲ ಹುಟ್ಟದಿರುವುದು ನಮ್ಮಂಥವರ ಸಂಸಾರಕ್ಕೆ ಹೆಚ್ಚು ಅಗತ್ಯ.

ಉಳಿಸಿದ್ದನ್ನು ಎಲ್ಲಿಡಬೇಕು ಎಂಬ ವಿಷಯದಲ್ಲಿ ಪುಸ್ತಕದ ನಾಯಕ ಅರ್ಕಾದ್ ಮೊದಲು ಎಡವುತ್ತಾನೆ. ತನ್ನ ಮೊದಲ ಉಳಿತಾಯವನ್ನು ರತ್ನ ತರಲು ಇಟ್ಟಿಗೆ ಮಾಡುವವನ ಕೈಗೆ ಕೊಡುತ್ತಾನೆ. ಫಿನೀಶಿಯನ್ ವ್ಯಾಪಾರಿಗಳು ಅವನಿಗೆ ರತ್ನವೆಂದು ಗಾಜಿನ ಚೂರುಗಳನ್ನು ಮಾರುತ್ತಾರೆ. ಇದನ್ನು ನೆನಪಿಟ್ಟುಕೊಂಡು ನಾನು ಒಂದನ್ನು ವಿಚಾರಿಸಿ ತಿಳಿದುಕೊಂಡೆ: ಬ್ಯಾಂಕಿನಲ್ಲಿ, ಸಹಕಾರಿ ಬ್ಯಾಂಕಾದರೂ ಸರಿ, ಒಬ್ಬ ಠೇವಣಿದಾರರಿಗೆ 5 ಲಕ್ಷ ರೂಪಾಯಿಯವರೆಗೆ ವಿಮೆಯಿದೆ, ಪತ್ತಿನ ಸಹಕಾರ ಸಂಘಗಳ ಠೇವಣಿಗೆ ಆ ರಕ್ಷಣೆಯಿಲ್ಲ. ಹೆಚ್ಚು ಬಡ್ಡಿಯ ಆಸೆಗೆ ಸಂಘಗಳತ್ತ ಹೋಗುವವರು ಈ ವ್ಯತ್ಯಾಸವನ್ನು ಮೊದಲು ತಿಳಿಯಬೇಕು.

ಬ್ಯಾಬಿಲೋನಿನ ಕಥೆಗಳಲ್ಲಿ ಎಣಿಸುವುದು ಚಿನ್ನದ ನಾಣ್ಯಗಳನ್ನು. ಬೆಲೆಯೇರಿಕೆಯಿಂದ ಸವೆಯುವ ನಮ್ಮ ರೂಪಾಯಿಯ ಚಿಂತೆ ಅಲ್ಲಿಲ್ಲ. ಅದಕ್ಕಾಗಿ ಪ್ರತಿ ವರ್ಷ ಸಂಬಳವನ್ನೂ ಅದರೊಡನೆ ಉಳಿತಾಯದ ಪಾಲನ್ನೂ ಪರಿಷ್ಕರಿಸುತ್ತೇನೆ. ಮೂರು ತಿಂಗಳ ಮನೆಖರ್ಚಿನಷ್ಟು ಕೂಡಿದ ಮೇಲೆ ಮಿಕ್ಕಿದ್ದು 15 ವರ್ಷದ ಪಿಪಿಎಫ್ (ಸಾರ್ವಜನಿಕ ಭವಿಷ್ಯ ನಿಧಿ) ಖಾತೆಗೆ ಹೋಗುತ್ತಿದೆ. ಮೂರೂ ಸಾಲಗಳು ತೀರಿದ ಬಳಿಕ ಆ ಎರಡು ಪಾಲನ್ನು ಸಂಸಾರದ ಖರ್ಚಿಗೆ ಸೇರಿಸದೆ, ಒಂದನ್ನು ಮಗಳ ಓದಿಗೂ ಇನ್ನೊಂದನ್ನು ಮುಂದೆ ಕೊಳ್ಳಬೇಕಾದ ಯಂತ್ರಕ್ಕೂ ಎತ್ತಿಡುತ್ತಿದ್ದೇನೆ. ಬೈಂಡಿಂಗ್ ಕೆಲಸದ ಹುಡುಗರು ಈಚೆಗೆ ತಮಗೂ ಇಂಥದೊಂದು ಏರ್ಪಾಡು ಬೇಕೆಂದು ಕೇಳಿದ್ದರಿಂದ ಅವರನ್ನು ಅಂಚೆ ಕಚೇರಿಗೆ ಕರೆದುಕೊಂಡು ಹೋಗಿ, ತಿಂಗಳಿಗೆ 100 ರೂಪಾಯಿಯಿಂದಲೂ ಆರಂಭಿಸಬಹುದಾದ ಐದು ವರ್ಷದ ಆರ್‌ಡಿ ಖಾತೆಗಳನ್ನು ಅವರವರ ಹೆಸರಿನಲ್ಲಿ ತೆರೆಸಿಕೊಟ್ಟಿದ್ದೇನೆ.