ಓಡುವ ತಾಳ, ಅಳುವ ರಾಗ: ಮುಂಬಯಿಯಲ್ಲಿ ಹುಡುಗಿಯರು ನ್ಯೂ ವೇವ್ ಬ್ಯಾಂಡ್ ಕಟ್ಟುವ ಬಗೆ

ಡೊಂಬಿವಿಲಿಯ ನಮ್ಮ ಫ್ಲ್ಯಾಟಿನಲ್ಲಿ ನಾವು ನಾಲ್ವರು ಹುಡುಗಿಯರು ಅಭ್ಯಾಸ ಆರಂಭಿಸಿದ ಹೊಸತರಲ್ಲಿ, ಮೇಲಿನ ಮಹಡಿಯ ಉಡುಪಿ ಕಡೆಯ ಹಿರಿಯರೊಬ್ಬರು ಬಾಗಿಲಿಗೆ ಬಂದು, ‘ಎಂಥದ್ದು ಮಗಾ ಇದು, ತಾಳ ಓಡ್ತದೆ, ರಾಗ ಮಾತ್ರ ಅಳ್ತದಲ್ಲ?’ ಎಂದು ಕೇಳಿದ್ದರು. 1970ರ ದಶಕದಲ್ಲಿ ಇಂಗ್ಲೆಂಡ್, ಅಮೆರಿಕಗಳಲ್ಲಿ ಹುಟ್ಟಿದ ನ್ಯೂ ವೇವ್ ಎಂಬ ಈ ರಾಕ್ ಸಂಗೀತದ ಮರ್ಮವನ್ನು ಅಷ್ಟು ಚುಟುಕಾಗಿ ಹೇಳಿದವರನ್ನು ನಾನು ಬೇರೆ ಕಂಡಿಲ್ಲ. ದುಃಖದ ಹಾಡೆಂದರೆ ನಿಧಾನವಾಗಿರಬೇಕು ಎಂಬ ನಂಬಿಕೆಯನ್ನು ಮೊದಲು ಕೈಬಿಡಬೇಕು.

ಡ್ರಮ್ ಸೆಟ್ಟು ಮುಂಬಯಿಯ ಫ್ಲ್ಯಾಟುಗಳಿಗೆ ಹೇಳಿಸಿದ್ದಲ್ಲ. ಅದಿಲ್ಲದಿರುವುದು ಕೊರತೆಯೂ ಅಲ್ಲ. ಕಾರ್ಡಿಫ್ ನಗರದ ಯಂಗ್ ಮಾರ್ಬಲ್ ಜಯಂಟ್ಸ್ ತಂಡವು ಡ್ರಮ್ ವಾದಕರೇ ಇಲ್ಲದೆ, ಟೇಪಿನಲ್ಲಿ ತುಂಬಿಕೊಂಡ ಡ್ರಮ್ ಮಷೀನಿನ ಸದ್ದಿಗೆ ಹಾಡಿ 1980ರಲ್ಲಿ ತನ್ನ ಆಲ್ಬಮ್ ಹೊರತಂದಿತು. ಕಂಪ್ಯೂಟರಿನಲ್ಲಿ ಹಳೆಯ ಮಷೀನಿನ ಸದ್ದುಗಳನ್ನು ಇಟ್ಟುಕೊಂಡು ವೇಗವನ್ನು ನಿಮಿಷಕ್ಕೆ 150 ಬೀಟಿಗೆ ನಿಲ್ಲಿಸಿರಿ. ನಾಲ್ಕು ಬೀಟಿನ ಪ್ರತಿ ಆವರ್ತಕ್ಕೆ, ಜೋಡಿ ತಾಳದಂತಹ ಹೈ-ಹ್ಯಾಟಿನ 8 ಪೆಟ್ಟುಗಳು ಒಂದೇ ಸಮನೆ ಬೀಳಲಿ. ಪಲ್ಲವಿ ಬಂತೆಂದು ಡ್ರಮ್ಮಿನಲ್ಲಿ ಉರುಳಿಕೆ ಸೇರಿಸುವ ಆಸೆ ಹುಟ್ಟುತ್ತದೆ, ಸೇರಿಸಬೇಡಿರಿ.

ಹಾಡನ್ನು ಹೊರುವುದು ತಗ್ಗು ಸ್ಥಾಯಿಯ ಬೇಸ್ ಗಿಟಾರ್. ಮ್ಯಾಂಚೆಸ್ಟರಿನ ಜಾಯ್ ಡಿವಿಷನ್ ತಂಡದ ಪೀಟರ್ ಹುಕ್ ಅವರು ತಮ್ಮ ಆಂಪ್ಲಿಫೈಯರ್ ಸಾಧಾರಣವಾಗಿದ್ದು, ಗಿಟಾರಿನ ಅಬ್ಬರದ ನಡುವೆ ತಮ್ಮ ಸ್ವರ ತಮಗೇ ಕೇಳಿಸದ ಕಾರಣ ಮೇಲಿನ ಸ್ಥಾಯಿಗೆ ಏರಿ ನುಡಿಸತೊಡಗಿದರು. ಬೇಸ್ ರಾಗವನ್ನು ಎತ್ತಿಕೊಂಡು ಗಿಟಾರ್ ಹಿಂದೆ ಸರಿಯುವ ಏರ್ಪಾಡು ಇಂಥ ಅನಿವಾರ್ಯದಿಂದ ಬಂದುದು. ನೀವು ಹೀಗೆ ಮಾಡಿ ನೋಡಿರಿ. ಡಿ ತಂತಿಯನ್ನು ಒತ್ತದೆ ಪಿಕ್‌ನಿಂದ ಮೀಟುತ್ತಲೇ ಇರಿ, ಅದು ತಂಬೂರಿಯಂತೆ ನಿಲ್ಲುತ್ತದೆ. ಅದರ ಜೊತೆಗೆ ಜಿ ತಂತಿಯ 10, 9, 7, 5ನೇ ಮನೆಗಳನ್ನು, ಅಂದರೆ ಫ್ರೆಟ್‌ಗಳನ್ನು ಎರಡೆರಡು ಆವರ್ತ ಹಿಡಿಯುತ್ತ ಇಳಿಯಿರಿ. ಡಿ ಸ್ವರವನ್ನು ಷಡ್ಜವೆಂದುಕೊಂಡರೆ ಇದು ಗ, ರಿ, ಸ, ನಿ: ಸಾಧಾರಣ ಗಾಂಧಾರ, ಕೈಶಿಕಿ ನಿಷಾದ. ಶುದ್ಧ ಮಧ್ಯಮ, ಪಂಚಮಗಳ ಜೊತೆಗೆ ಶುದ್ಧ ಧೈವತವನ್ನೂ ಸೇರಿಸಿಕೊಂಡರೆ ನಠಭೈರವಿಯ ಮೇಳವೇ ಆಗುತ್ತದೆ. ಮಾಟುಂಗಾದ ಕಡೆ ಚಿಕ್ಕಂದಿನಿಂದ ಸಂಗೀತ ಪಾಠಕ್ಕೆ ಹೋದವರಿಗೆ ಇಲ್ಲೊಂದು ತೊಡಕು ಎದುರಾಗುತ್ತದೆ. ಗಾಂಧಾರ ಕಂಡೊಡನೆ ಬೆರಳು ತಾನಾಗಿ ಗಮಕಕ್ಕೆ ಹೊರಳುತ್ತದೆ. ಈ ಹಾಡುಗಳಿಗೆ ಬೇಕಾದುದು ಅಲುಗದ, ಬೋಳಾದ ಸ್ವರ. ನಮ್ಮ ಬೇಸ್ ಹುಡುಗಿಗೆ ಆ ಅಭ್ಯಾಸ ಬಿಡಲು ಮೂರು ತಿಂಗಳು ಹಿಡಿಯಿತು.

ಗಿಟಾರಿಗೆ ಹಲವು ಸ್ವರ ಒಟ್ಟಿಗೆ ನುಡಿಯುವ ಪೂರ್ಣ ಕಾರ್ಡ್‌ಗಳು ಬೇಡ, ಮೇಲಿನ ಸ್ಥಾಯಿಯ ಎರಡು ತೆಳು ತಂತಿ ಸಾಕು. ಒಂದು ಸದ್ದನ್ನು ಹಲವಾಗಿ ತೇಲಿಸುವ ಕೋರಸ್ ಪೆಡಲ್ ಮೆಲ್ಲಗೆ ತಿರುಗಲಿ. ಮರುದನಿ ಕೊಡುವ ಡಿಲೇಯ ಕಾಲವನ್ನು ಅಂದಾಜಿನಲ್ಲಿ ಇಡಬಾರದು: ನಿಮಿಷದ 60,000 ಮಿಲಿಸೆಕೆಂಡುಗಳನ್ನು 150ರಿಂದ ಭಾಗಿಸಿದರೆ ಒಂದು ಬೀಟಿಗೆ 400 ಮಿಲಿಸೆಕೆಂಡ್, ಅದರ ಮುಕ್ಕಾಲು 300, ಡಿಲೇಯನ್ನು 300ಕ್ಕೆ ನಿಲ್ಲಿಸಿದರೆ ಮರುದನಿ ಬೀಟುಗಳ ಸಂದಿಯಲ್ಲಿ ಬೀಳುತ್ತದೆ. ಕೀಬೋರ್ಡಿನವರು ಒಂದು ಕೈ ಜೇಬಿನಲ್ಲಿಟ್ಟುಕೊಂಡು ಒಂದೊಂದೇ ಸ್ವರ ಹಿಡಿಯಲಿ. ತಂಡದಲ್ಲಿ ಪಿಟೀಲು ಬಲ್ಲವರಿದ್ದರೆ ಬಿಡಬೇಡಿರಿ. ಲಂಡನ್ನಿನ ಮಹಿಳೆಯರ ತಂಡ ದಿ ರೇನ್‌ಕೋಟ್ಸ್ 1979ರ ತನ್ನ ಮೊದಲ ಆಲ್ಬಮ್ಮಿನಲ್ಲೇ ಪಿಟೀಲನ್ನು ಗಿಟಾರಿಗೆ ಎದುರಾಗಿ ನಿಲ್ಲಿಸಿತ್ತು. ನಾವು ಮೊದಲ ಸಲ ಧ್ವನಿಮುದ್ರಿಸಿದಾಗ ನಾಲ್ವರೂ ಕಲಿತದ್ದನ್ನೆಲ್ಲ ಒಮ್ಮೆಗೇ ನುಡಿಸಿದ್ದೆವು. ಕೇಳಿದಾಗ ದಾದರ್ ಸ್ಟೇಷನ್ನಿನ ಸಂಜೆಯಂತಿತ್ತು. ಅಳು ಎಲ್ಲಿಯೂ ಇರಲಿಲ್ಲ.

ಇನ್ನು ಸಾಹಿತ್ಯ. ಈ ಓಟಕ್ಕೆ ಕನ್ನಡ ಹೊಂದದು ಎನ್ನುವವರಿಗೆ ಹಳೆಗನ್ನಡದ ಛಂದಸ್ಸಾದ ಮಂದಾನಿಲ ರಗಳೆಯನ್ನು ನೆನಪಿಸಬೇಕು. ಅದರ ಸಾಲಿಗೆ 16 ಮಾತ್ರೆ. ಒಂದು ಮಾತ್ರೆಯನ್ನು ಹೈ-ಹ್ಯಾಟಿನ ಒಂದು ಪೆಟ್ಟಿಗೆ ಕೂರಿಸಿದರೆ ಸಾಲು ಸರಿಯಾಗಿ ಎರಡು ಆವರ್ತದಲ್ಲಿ ಮುಗಿಯುತ್ತದೆ. ‘ಕೊನೆಯ ಗಾಡಿಯಲಿ ಖಾಲಿ ಕಿಟಕಿಗಳು’ ಎಂಬ ನಮ್ಮ ಸಾಲನ್ನು ಎಣಿಸಿ ನೋಡಿರಿ: 3, 5, 3, 5. ಡ್ರಮ್ ನಾಲ್ಕು ನಾಲ್ಕಾಗಿ ನಡೆಯುತ್ತದೆ, ‘ಗಾಡಿ’ ಮಾತ್ರ 5ನೇ ಪೆಟ್ಟಿಗೆ ಕಾಯದೆ 4ನೆಯದಕ್ಕೇ ಎದ್ದುಬಿಡುತ್ತದೆ. ಹಾಡುಗಾರ್ತಿ ತಾಳದ ಜೊತೆ ಇದ್ದೂ ಇಲ್ಲದಂತೆ ಕೇಳಿಸುವುದು ಇಷ್ಟರಿಂದಲೇ. ನಮ್ಮ ಪದಗಳು ಬಹುಮಟ್ಟಿಗೆ ಅ, ಇ, ಉಗಳಂತಹ ಸ್ವರಾಕ್ಷರದಲ್ಲಿ ಮುಗಿಯುವುದರಿಂದ ಕೊನೆಯನ್ನು ಎಳೆದು ಹಾಡುವ ರೂಢಿ ಭಾವಗೀತೆಯಿಂದ ಬಂದಿದೆ. ಇಲ್ಲಿ ‘ಕಿಟಕಿಗಳು’ ಎಂಬುದರ ಉಕಾರವನ್ನು ಥಟ್ಟನೆ ಬಿಟ್ಟುಬಿಡಿರಿ, ಉಳಿದುದನ್ನು ಡಿಲೇ ನೋಡಿಕೊಳ್ಳುತ್ತದೆ. ವಿರಹ, ಕಣ್ಣೀರು ಎಂಬ ಪದಗಳನ್ನು ನಾವು ಒಂದು ವರ್ಷದಿಂದ ನಿಷೇಧಿಸಿದ್ದೇವೆ. ಇಬ್ಬರು ಒಂದೇ ಸ್ಥಾಯಿಯಲ್ಲಿ, ಮಾತನಾಡುವಷ್ಟೇ ದನಿಯಲ್ಲಿ, ಕಂಪನವಿಲ್ಲದೆ ಹಾಡಿದರೆ ಬೇಕಾದ ಚಳಿ ತಾನಾಗಿ ಬರುತ್ತದೆ.

ವೇದಿಕೆಗೆ ಪಬ್ಬುಗಳನ್ನೇ ನಂಬಿಕೊಳ್ಳಬೇಕಿಲ್ಲ. ಮಾಟುಂಗಾದ ಮೈಸೂರು ಅಸೋಸಿಯೇಷನ್, ಮಾಹೀಮಿನ ಕರ್ನಾಟಕ ಸಂಘಗಳಂತಹ ಕಡೆಯೂ ಕೇಳಿ ನೋಡಬಹುದು. ಆದರೆ ನಾಟಕ, ಭಾಷಣಗಳಿಗೆ ಹೊಂದಿಸಿದ ಧ್ವನಿವರ್ಧಕಗಳು ಹಲವು ಸಭಾಂಗಣಗಳಲ್ಲಿ ಎಡಬಲ ಬೇರೆಯಿಲ್ಲದೆ ಮೋನೋದಲ್ಲಿರುತ್ತವೆ. ಎರಡು ಸ್ಪೀಕರುಗಳ ನಡುವೆ ಹರಡಿಕೊಂಡ ಕೋರಸ್ ಅಲ್ಲಿ ಕುಗ್ಗಿ ಮಂಕಾಗುವುದರಿಂದ ಮನೆಯಲ್ಲೇ ಒಮ್ಮೆ ಮೋನೋದಲ್ಲಿ ಕೇಳಿಕೊಂಡು ಹೋಗಿರಿ. ಬಯಲಿನಲ್ಲಿ ಹಾಡುವುದಾದರೆ ರಾತ್ರಿ 10ರ ನಂತರ ಧ್ವನಿವರ್ಧಕಕ್ಕೆ ನಿರ್ಬಂಧವಿದೆ. ಬೇಸ್ ಗಿಟಾರನ್ನು ಲೇಡೀಸ್ ಡಬ್ಬಿಯಲ್ಲಿ ಒಯ್ಯುವವರು ಸಂಜೆ 5ಕ್ಕೆ ಮೊದಲೇ ಹೊರಡಬೇಕು, ಕತ್ತನ್ನು ಮೇಲೆ ಮಾಡಿ ಕಾಲುಗಳ ನಡುವೆ ನಿಲ್ಲಿಸಿಕೊಳ್ಳಬೇಕು, ಜೂನ್ ಬಂತೆಂದರೆ ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಪೊಟ್ಟಣಗಳನ್ನು ಇಡಬೇಕು.